ನಮ್ಮಮ್ಮನನ್ನು ಕೊಲ್ಲಹೊರಟವಳ ಮಡಿಲು ತುಂಬಿದ್ದು

ಫ್ಯಾಂಟಸಿ ಕಾದಂಬರಿಗಳಲ್ಲಿ ಬರುವ ಪಾಳು ದೇವಸ್ಥಾನಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ತಕರಾರಿತ್ತು. ಅಲ್ಲಿ ಕಂಬ ಬಿದ್ದಿರುತ್ತದೆ, ಬಳ್ಳಿ ಹಬ್ಬಿರುತ್ತದೆ, ಒಳಗೆ ಹೆಸರು ಮರೆತುಹೋದ ದೇವರೊಂದು ಕಾದು ಕೂತಿರುತ್ತದೆ. ನಾಯಕಿ ಪಂಜು ಹಿಡಿದು ಒಳಗೆ ಕಾಲಿಟ್ಟ ತಕ್ಷಣ ಅದು ಕಣ್ಣು ಬಿಡುತ್ತದೆ. ಬಾಹ್ಯಾಕಾಶದ ಕಥೆಯಾದರೆ ಬಳ್ಳಿಯ ಬದಲು ಕೆಂಪು ಧೂಳು, ಪಂಜಿನ ಬದಲು ಹೆಲ್ಮೆಟ್ಟಿನ ದೀಪ, ಅಷ್ಟೇ ವ್ಯತ್ಯಾಸ. ಅಷ್ಟು ದೊಡ್ಡ ದೇವಸ್ಥಾನಕ್ಕೆ ನೀರು ಎಲ್ಲಿಂದ ಹೊರುತ್ತಿದ್ದರು, ದೀಪದ ಕಂಬದ ಜಿಡ್ಡನ್ನು ಯಾರು ಉಜ್ಜುತ್ತಿದ್ದರು, ನೈವೇದ್ಯದ ಪಾತ್ರೆ ಯಾರ ಮನೆಯಿಂದ ಬರುತ್ತಿತ್ತು, ಒಬ್ಬರೂ ಬರೆಯುವುದಿಲ್ಲ. ಎಲ್ಲರಿಗೂ ದೇವರ ಸಿಟ್ಟು ಬೇಕು, ದೇವರ ಅಡಿಗೆಮನೆ ಬೇಡ.

ಟೆಕ್ಸಾಸಿನ ಡಲ್ಲಾಸಿಗೆ ಅಂಟಿಕೊಂಡ ಫ್ರಿಸ್ಕೋದ ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಶನಿವಾರಗಳಂದು ಕೂಡುತ್ತಿದ್ದ ನಮ್ಮ ಓದುವ ಗುಂಪಿನಲ್ಲಿ ನಾನು ಈ ಮಾತು ಹೇಳಿದಾಗ ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಆ ಗುಂಪಿಗೆ ನಾನು ಸೇರಿದ್ದು ಪುಸ್ತಕದ ಆಸೆಗಲ್ಲ, ಮಗಳ ಆಸೆಗೆ. ಹೈಸ್ಕೂಲು ಸೇರಿದ ಮೇಲೆ ಅವಳು ನನ್ನೊಡನೆ ಮಾತಾಡುವುದೇ ಕಡಿಮೆಯಾಗಿತ್ತು. ಓದುತ್ತಿದ್ದದ್ದು ಮಾತ್ರ ಇಂಥವೇ, ಡ್ರ್ಯಾಗನ್ನು, ಸತ್ತ ಗ್ರಹ, ಶಾಪ. ಅವಳು ಓದಿದ್ದನ್ನೇ ನಾನೂ ಓದಿದರೆ ಊಟದ ಟೇಬಲ್ಲಿನಲ್ಲಿ ಎರಡು ಮಾತಾದರೂ ಆದೀತು ಎಂದು ಲೆಕ್ಕ ಹಾಕಿದ್ದೆ. ಹೋಗುವಾಗ ಡಬ್ಬಿಯಲ್ಲಿ ಚಕ್ಕುಲಿಯೋ ಖಾರದ ಅವಲಕ್ಕಿಯೋ ಒಯ್ಯುತ್ತಿದ್ದೆ. ನನ್ನ ಅಭಿಪ್ರಾಯಕ್ಕಿಂತ ಡಬ್ಬಿಗೆ ಅಲ್ಲಿ ಹೆಚ್ಚು ಬೆಲೆಯಿತ್ತು.

ಆವತ್ತು ನಗದೆ ಇದ್ದವಳು ಒಬ್ಬಳೇ. ಹುಬ್ಬಳ್ಳಿ ಕಡೆಯವಳು, ಸೌತ್‌ಲೇಕಿನಲ್ಲಿ ದೊಡ್ಡ ಮನೆ, ಗಂಡನದು ಸ್ವಂತ ವ್ಯವಹಾರ, ಇಬ್ಬರು ಗಂಡುಮಕ್ಕಳು. ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು. ಇಂಗ್ಲಿಷಿನಲ್ಲಿ ತಾನೂ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದಳು. ಮೀಟಿಂಗ್ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರಿನ ಬಾಗಿಲಿಗೆ ಒರಗಿ ನಿಂತಳು.

"ಅಡಿಗಿಮನಿ ಅಂದ್ರಲ್ರೀ, ಭಾಳ ಛಲೋ ಮಾತದು. ನಿಮಗ ಅಂಥಾ ಗುಡಿ ಯಾವ್ದರ ಗೊತ್ತದ ಏನು?"

"ಗೊತ್ತಿಲ್ದೆ ಏನು? ನಮ್ಮದೇ ಇದೆ" ಎಂದೆ. ಅಲ್ಲಿಂದ ಶುರುವಾಯಿತು.

ಆಸ್ಟಿನ್ನಿನಲ್ಲಿ ಬರೆಯುವವರಿಗಾಗಿ ಒಂದು ಶಿಬಿರ ನಡೆಯುತ್ತಿತ್ತು, ತಿಂಗಳಿಗೊಮ್ಮೆ. ಅವಳು ಹೋಗಬೇಕು, ಆದರೆ ಹೈವೇಯಲ್ಲಿ ದೊಡ್ಡ ಟ್ರಕ್ಕುಗಳ ಪಕ್ಕ ಡ್ರೈವ್ ಮಾಡಲು ಅವಳಿಗೆ ಧೈರ್ಯವಿರಲಿಲ್ಲ. ನನಗೆ ಟ್ರಕ್ಕಿನ ಹೆದರಿಕೆ ಇಲ್ಲ. ಆಸ್ಟಿನ್ನಿನ ಹತ್ತಿರದ ಜಾರ್ಜ್‌ಟೌನಿನಲ್ಲಿ ಅವಳ ಅಕ್ಕನ ಹೊಸ ಮನೆಯಿತ್ತು. ಅವಳನ್ನು ಶಿಬಿರಕ್ಕೆ ಇಳಿಸಿ ನಾನು ಆ ಅಕ್ಕನ ಮನೆಯಲ್ಲಿ ರೊಟ್ಟಿ ತಿಂದು, ಸಾಯಂಕಾಲ ಅವಳನ್ನು ಹತ್ತಿಸಿಕೊಂಡು ವಾಪಸ್ಸು ಬರುತ್ತಿದ್ದೆ. ನಮ್ಮವರು ಕೇಳಿದರು, "ಪೆಟ್ರೋಲ್ ನಿಂದು, ಶನಿವಾರ ನಿಂದು, ಕಾದಂಬರಿ ಅವಳದಾ?" ಯಾರಾದರೂ ಕೂತು ನನ್ನ ಮಾತು ಕೇಳಿ ಎಷ್ಟು ಕಾಲವಾಗಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅವಳು ಕೇಳುತ್ತಿದ್ದ ರೀತಿಯೇ ಹಾಗಿತ್ತು. ಸೀಟಿನಲ್ಲಿ ಅರ್ಧ ನನ್ನ ಕಡೆ ತಿರುಗಿ, ಕೈಯಲ್ಲಿ ಫೋನಿಲ್ಲದೆ. ನಾನು ಹೇಳುತ್ತ ಹೋದೆ. ತುಮಕೂರಿನ ಆಚೆ, ನೀರು ನಿಂತು ಬಹಳ ವರ್ಷವಾದ ಒಂದು ಕೆರೆ. ಅದರ ಏರಿಯ ಕೆಳಗೆ ಮೂರಾಳು ಹಿಡಿಸುವಷ್ಟು ಕಲ್ಲಿನ ಗುಡಿ. ನನ್ನ ತವರಿನ ದೇವಿ. ಹೊರಗಿನವರಿಗೆ ಕೆರೆ ಏರಿ ಅಮ್ಮ, ನಮಗೆ ಬರೀ ಅಮ್ಮ. ಹರಳೆಣ್ಣೆ ಹಚ್ಚಿ ಹಚ್ಚಿ ಕಪ್ಪಾದ ಮುಖ. ಚಾವಣಿ ಕುಸಿದಿತ್ತು, ಗೋಡೆಯ ಸಂದಿನಿಂದ ಅರಳಿ ಗಿಡ ಎದ್ದಿತ್ತು. ನಮ್ಮಪ್ಪ ಅಮಾವಾಸ್ಯೆ ಅಮಾವಾಸ್ಯೆಗೆ ಹೋಗಿ ದೀಪ ಹಚ್ಚುತ್ತಿದ್ದರು. ಒಳಗೆ ಹೋಗುವ ಮುಂಚೆ ಕೈಗಡಿಯಾರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವಳ ಮುಂದೆ ಟೈಮ್ ನೋಡಬಾರದು, ಅವಸರದಲ್ಲಿ ಬಂದ ಹಾಗಾಗುತ್ತದೆ ಎನ್ನುತ್ತಿದ್ದರು. ನನ್ನ ಹೆತ್ತಮ್ಮನ ಮನೆತನದಲ್ಲಿ ಮೂರು ತಲೆಮಾರಿನಿಂದ ಗಂಡು ಹುಟ್ಟಿರಲಿಲ್ಲ, ಅಪ್ಪ ಮನೆಯಳಿಯ. ನಾವಿಬ್ಬರೂ ಹೆಣ್ಣುಮಕ್ಕಳು, ನಾನು ದೊಡ್ಡವಳು. "ಆ ದೇವಿ ಗಂಡು ಉಳಿಸಲ್ಲ" ಎಂದು ಊರಿನವರು ನಮ್ಮಮ್ಮನ ಬೆನ್ನ ಹಿಂದೆ ಅನ್ನುತ್ತಿದ್ದರು. ಒಮ್ಮೊಮ್ಮೆ ಎದುರಿಗೂ ಅನ್ನುತ್ತಿದ್ದರು. ಅಮ್ಮ ನೀರಿನ ಕೊಡ ಸೊಂಟಕ್ಕೇರಿಸಿಕೊಂಡು ಸುಮ್ಮನೆ ಬರುತ್ತಿದ್ದಳು.

ಇಷ್ಟೆಲ್ಲ ಹೇಳಿದೆ. ಒಂದು ಮಾತ್ರ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಅವಳು ಕೇಳಲಿಲ್ಲ. ಗುಡಿ ಪಾಳು ಬಿದ್ದಿದೆ ಎಂದ ಮೇಲೆ ಅವಳಿಗೆ ಕಥೆ ಮುಗಿದಿತ್ತು. ದೇವಿ ಈಗ ಎಲ್ಲಿದ್ದಾಳೆ ಎಂಬ ಪ್ರಶ್ನೆಯೇ ಅವಳಿಗೆ ಹೊಳೆಯಲಿಲ್ಲ.

ದೇವಿ ನಮ್ಮ ಮನೆಯಲ್ಲಿದ್ದಳು. ಫ್ರಿಸ್ಕೋದಲ್ಲಿ, ಮಹಡಿಯ ಮೇಲೆ, ಮಗಳ ಕೋಣೆಯ ಎದುರಿನ ಕಪಾಟಿನಲ್ಲಿ. ಬೇರೆಯವರ ಮನೆಯಲ್ಲಿ ಮದುವೆಯಾದ ಹೆಣ್ಣು ಗಂಡನ ಕುಲದೇವರಿಗೆ ಸೇರುತ್ತಾಳೆ, ತವರಿನ ದೇವರು ತವರಿನಲ್ಲೇ ಉಳಿಯುತ್ತದೆ. ಗಂಡುಮಕ್ಕಳಿಲ್ಲದ ನಮ್ಮ ಮನೆತನದಲ್ಲಿ ಹಾಗೆ ಮಾಡಿದ್ದರೆ ದೇವಿಗೆ ಯಾರೂ ಗತಿಯಿರುತ್ತಿರಲಿಲ್ಲ. ಆದ್ದರಿಂದ ನಮ್ಮ ಹೆಂಗಸರು ಬೇರೆ ದಾರಿ ಮಾಡಿಕೊಂಡಿದ್ದರು. ಹೆಬ್ಬೆಟ್ಟಿನಷ್ಟು ದೊಡ್ಡ ಬೆಳ್ಳಿಯ ಮುಖ ಒಂದಿದೆ. ಹಿರಿಮಗಳ ಮದುವೆಯಲ್ಲಿ ಅಕ್ಕಿ, ಕೊಬ್ಬರಿ, ಅರಿಸಿನದ ಕೊನೆ, ಕುಪ್ಪಸದ ಕಣದ ಜೊತೆ ಆ ಮುಖವನ್ನೂ ಮಡಿಲಿಗೆ ಹಾಕುತ್ತಾರೆ. ಅದು ಯಾರ ಮಡಿಲಿಗೆ ಬಿತ್ತೋ ದೇವಿ ಅವರವಳು. ಅವರು ಇನ್ನೊಬ್ಬರ ಮಡಿಲು ತುಂಬುವ ತನಕ ಅವರ ಮನೆಯೇ ಗುಡಿ. ಕೆರೆ ಏರಿಯ ಕೆಳಗಿರುವುದು ಅವಳು ಖಾಲಿ ಮಾಡಿ ಬಂದ ಮನೆ. ನಾವು ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆಗೆ ಶಿಫ್ಟ್ ಆದೆವಲ್ಲ, ಹಾಗೆ. ಹಳೇ ಅಪಾರ್ಟ್‌ಮೆಂಟಿನ ಗೋಡೆ ಬಿರುಕು ಬಿಟ್ಟರೆ ನಾವು ಸತ್ತೆವು ಎಂದೇನೂ ಅರ್ಥವಲ್ಲವಲ್ಲ.

ಮಗಳು ಚಿಕ್ಕವಳಿದ್ದಾಗಿನಿಂದ ಮೊದಲ ದೋಸೆಯ ಚೂರನ್ನು ತಾನೇ ಒಯ್ದು ಅದರ ಮುಂದೆ ಇಡುತ್ತಿದ್ದಳು. ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಲ್ಲಿ ಮಾತ್ರ "ಅಮ್ಮಾ, ತಿನ್ನು" ಎನ್ನುತ್ತಿದ್ದಳು.

ಪುಸ್ತಕ ಅಚ್ಚಾಗಿ ಬಂತು. ನನಗಿಂತ ಮೊದಲು ಮಗಳೇ ಓದಿದಳು. ಆಂಟಿಯ ಪುಸ್ತಕ ಎಂದು ಹೆಮ್ಮೆಯಿಂದ ಸ್ಕೂಲಿಗೂ ಒಯ್ದಳು. ಒಂದು ವಾರವಾದ ಮೇಲೆ, ಬೆಳಿಗ್ಗೆ, ದೋಸೆಯ ಚೂರಿನ ತಟ್ಟೆಯನ್ನು ನಾನು ಅವಳ ಕೈಗೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ಅಮ್ಮಾ, ಕ್ಯಾನ್ ವಿ ಮೂವ್ ಇಟ್? ನನ್ನ ರೂಮಿನ ಎದುರಿಗೆ ಬೇಡ."

"ಏನನ್ನ?"

"ದಟ್ ಫೇಸ್. ಇಟ್ಸ್ ಕ್ರೀಪಿ."

ನಾನು ಆವತ್ತು ಮಧ್ಯಾಹ್ನ ಕೂತು ಪುಸ್ತಕ ಓದಿದೆ. ಒಲೆಯ ಮೇಲಿನ ಬೇಳೆ ತಳ ಹತ್ತಿದ್ದೂ ತಿಳಿಯಲಿಲ್ಲ. ಸಮುದ್ರ ಬತ್ತಿದ ಒಂದು ಗ್ರಹ. ಬತ್ತಿದ ಸಮುದ್ರದ ದಂಡೆಯ ಕೆಳಗೆ ಚಾವಣಿ ಕುಸಿದ ದೇವಸ್ಥಾನ, ಗೋಡೆಯಿಂದ ಎದ್ದ ಮರ. ಎಣ್ಣೆಗಪ್ಪು ಮುಖದ ದೇವಿ. ಪೂಜಾರಿ ಒಳಗೆ ಕಾಲಿಡುವ ಮುಂಚೆ ಮಣಿಕಟ್ಟಿನ ಗಡಿಯಾರವನ್ನು ಬಿಚ್ಚಿಡುತ್ತಾನೆ, ಏಕೆಂದರೆ ಆ ದೇವಿ ಮನುಷ್ಯರ ಆಯುಷ್ಯವನ್ನು ತಿನ್ನುತ್ತಾಳೆ. ಊರಿನಲ್ಲಿ ಬರೀ ಹೆಣ್ಣುಮಕ್ಕಳು, ಏಕೆಂದರೆ ಅವಳು ಗಂಡುಮಕ್ಕಳನ್ನು ಒಬ್ಬೊಬ್ಬರನ್ನಾಗಿ ನುಂಗಿದ್ದಾಳೆ.

ಇಂಗ್ಲಿಷಿನಲ್ಲಿ, ದಪ್ಪ ರಟ್ಟಿನಲ್ಲಿ, ನಮ್ಮಮ್ಮ ಕೊಡ ಹೊತ್ತು ಕೇಳಿಸಿಕೊಂಡು ಬರುತ್ತಿದ್ದ ಅದೇ ಮಾತು. ಕೊನೆಯ ಪುಟದಲ್ಲಿ ಎರಡನೇ ಭಾಗದ ಜಾಹೀರಾತು: ನಾಯಕಿ ಸುತ್ತಿಗೆ ಹಿಡಿದು ದೇವಿಯನ್ನು ಕೊಲ್ಲಲು ಪ್ರತಿಜ್ಞೆ ಮಾಡಿದ್ದಾಳೆ.

ಬರೆದವಳಿಗೆ ಫೋನ್ ಮಾಡಿದೆ. ಅವಳು ಖುಷಿಯಲ್ಲಿದ್ದಳು.

"ಓದಿದ್ರಿ? ಹೆಂಗ ಅನಿಸ್ತು?"

"ಅದು ನಮ್ಮಮ್ಮ" ಎಂದೆ.

"ಏ, ಕಥಿ ಅಲ್ಲೇನ್ರೀ ಅದು! ನಿಮ್ಮ ದೇವಿ ಅಂತ ಎಲ್ಲೆರ ಬರದೇನೇನು?"

"ನಮ್ಮಪ್ಪನ ವಾಚೂ ಇದೆ ಅದರಲ್ಲಿ."

"ಡೀಟೇಲ್ ಛಲೋ ಇತ್ತು, ತಗೊಂಡೆ. ಎಲ್ಲಾ ಬರಿಯಾವ್ರೂ ಮಾಡೋದ ಇದು. ನೀವು ಖುಷಿ ಪಡಬೇಕ್ರೀ ಅಕ್ಕಾ. ಮರತು ಹೋದ ದೇವರು, ಇವತ್ತು ಅಮೆರಿಕಾದಾಗ ಮಂದಿ ಓದಾಕತ್ತಾರ. ಇಲ್ಲಾಂದ್ರ ಯಾರಿಗೆ ನೆನಪಿರ್ತಿತ್ತು?"

"ಎರಡನೇ ಭಾಗದಲ್ಲಿ ಕೊಲ್ಲಬೇಡ. ಅಷ್ಟೇ ಕೇಳ್ತೀನಿ."

ಅವಳು ನಕ್ಕಳು. "ಕೊಲ್ಲದಿದ್ರ ಕಥಿ ಹೆಂಗ ಮುಗೀತದ್ರೀ?"

ಫೋನ್ ಇಟ್ಟೆ. ತಳ ಹತ್ತಿದ ಪಾತ್ರೆಯನ್ನು ನೆನೆಸಿ, ಬೂದಿಯಿಲ್ಲದ ಈ ದೇಶದಲ್ಲಿ ಸ್ಟೀಲ್ ಸ್ಕ್ರಬ್ಬರಿನಿಂದ ಉಜ್ಜಿದೆ. ಉಜ್ಜುತ್ತ ನನ್ನೊಳಗೆ ಏನು ಗಟ್ಟಿಯಾಯಿತೋ ಅದನ್ನು ಸಿಟ್ಟು ಎನ್ನಲಾರೆ. ಸಿಟ್ಟಾದರೆ ಸಂಜೆಗೆ ಇಳಿಯುತ್ತದೆ. ಮರೆತುಹೋದ ದೇವರಂತೆ! ದೇವಿಯ ಕಪಾಟಿನ ಧೂಳನ್ನು ಅದೇ ಬೆಳಿಗ್ಗೆ ಒರೆಸಿದ ನನ್ನ ಕಿವಿಗೆ ಆ ಮಾತು. ನನ್ನ ಮಗಳು ಎರಡನೇ ಭಾಗವನ್ನೂ ಓದುತ್ತಾಳೆ. ಆ ಪುಟದಲ್ಲಿ ಸುತ್ತಿಗೆ ಬಿದ್ದ ದಿನ ನನ್ನ ಮನೆಯ ಕಪಾಟಿನಲ್ಲೂ ದೇವಿ ಸತ್ತ ಹಾಗೆಯೇ. ಹಾಗಾಗಲು ಬಿಡುವುದಿಲ್ಲ ಎಂದುಕೊಂಡೆ. ಬಿಡದಿರುವುದಷ್ಟೇ ಅಲ್ಲ, ಬರೆದವಳಿಗೆ ತಟ್ಟಬೇಕು ಎಂದೂ ಅಂದುಕೊಂಡೆ.

ನಾನು ಜಗಳವಾಡಲಿಲ್ಲ. ಗುಂಪಿಗೆ ಹೋಗುತ್ತಲೇ ಇದ್ದೆ, ಡಬ್ಬಿ ಒಯ್ಯುತ್ತಲೇ ಇದ್ದೆ. "ಅಕ್ಕಾ, ಸಿಟ್ಟಿಲ್ಲಲ್ಲ?" ಎಂದಳು ಒಮ್ಮೆ, ಕೋಡುಬಳೆ ಮುರಿಯುತ್ತ. "ನನಗ್ಯಾಕೆ ಸಿಟ್ಟು" ಎಂದೆ. ದೇವಿಯನ್ನು ಮಗಳ ಕೋಣೆಯ ಎದುರಿನಿಂದ ಕೆಳಗೆ, ಅಕ್ಕಿಯ ಮೂಟೆ ಇಡುವ ಪ್ಯಾಂಟ್ರಿಗೆ ಇಳಿಸಿದೆ. ಅಲ್ಲಿ ದೀಪ ಹಚ್ಚಿದರೆ ಸ್ಮೋಕ್ ಅಲಾರ್ಮ್ ಕೂಗುತ್ತದೆಂದು ಬ್ಯಾಟರಿ ತೆಗೆದಿಟ್ಟೆ.

ವಸಂತದಲ್ಲಿ ಹ್ಯೂಸ್ಟನ್ನಿನ ಕನ್ನಡದ ಹೆಂಗಸರು ಅವಳಿಗೆ ಸನ್ಮಾನ ಇಟ್ಟುಕೊಂಡರು. ನಮ್ಮವಳೊಬ್ಬಳು ಇಂಗ್ಲಿಷ್ ಕಾದಂಬರಿ ಬರೆದಿದ್ದಾಳೆ, ಎರಡನೇ ಭಾಗದಿಂದ ಓದುತ್ತಾಳೆ ಎಂದು ವಾಟ್ಸಾಪಿನಲ್ಲಿ ಹರಿದಾಡಿತು. ನಾನು ಮಗಳನ್ನು ಕರೆದುಕೊಂಡು ಬೆಳಿಗ್ಗೆಯೇ ಹೊರಟೆ. ಅವಳಿಗೆ ಆಂಟಿಯ ಸಹಿ ಬೇಕಿತ್ತು. ಹಿಂದಿನ ಸೀಟಿನಲ್ಲಿ ಒಂದು ಬುಟ್ಟಿ ಇಟ್ಟಿದ್ದೆ, ಮೇಲೆ ಹಸಿರು ಕಣದ ಬಟ್ಟೆ ಮುಚ್ಚಿ. ದಾರಿಯುದ್ದಕ್ಕೂ ನೀಲಿ ಹೂವಿನ ಬಯಲು, ಜನ ಕಾರು ನಿಲ್ಲಿಸಿ ಮಕ್ಕಳನ್ನು ಅದರೊಳಗೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ನಾನೆಲ್ಲೂ ನಿಲ್ಲಿಸಲಿಲ್ಲ.

ಹಾಲ್ ತುಂಬಿತ್ತು. ಅವಳು ಪ್ಯಾಂಟು, ಮೇಲೊಂದು ಕೋಟು ಹಾಕಿಕೊಂಡು ಚೆನ್ನಾಗಿ ಕಾಣುತ್ತಿದ್ದಳು. ಓದಿದ್ದು ದೇವಸ್ಥಾನದ ಭಾಗವನ್ನೇ. ನಾಯಕಿ ಕಪ್ಪು ಮುಖದ ಮುಂದೆ ನಿಂತು ಸುತ್ತಿಗೆ ಎತ್ತುತ್ತಾಳೆ. ಅಲ್ಲಿಗೆ ನಿಲ್ಲಿಸಿ, ಹಾಳೆ ಮಡಿಚಿ, "ಮುಂದಿಂದು ಪುಸ್ತಕ ಬಂದ ಮ್ಯಾಲೆ" ಎಂದಳು. ಚಪ್ಪಾಳೆ. ಪಕ್ಕದಲ್ಲಿದ್ದ ಮಗಳು ಸೀಟಿನ ತುದಿಗೆ ಬಂದಿದ್ದಳು.

ನಾನು ಬುಟ್ಟಿ ಹಿಡಿದು ವೇದಿಕೆ ಹತ್ತಿದೆ. "ಡಲ್ಲಾಸಿನಿಂದ ಬಂದಿದೀನಿ. ನಮ್ಮ ಲೇಖಕಿಗೆ ಮಡಿಲು ತುಂಬಬೇಕು ಅಂತ ಆಸೆ" ಎಂದು ಮೈಕಿನಲ್ಲಿ ಹೇಳಿದೆ. ಹಿರಿಯರಿಗೆಲ್ಲ ಖುಷಿಯಾಯಿತು. ಮೊದಲ ಸಾಲಿನ ಆಂಟಿಯೊಬ್ಬರು ಎದ್ದೇ ನಿಂತರು.

ಮಡಿಲು ತುಂಬುತ್ತೇನೆ ಎಂದರೆ ಬೇಡ ಎನ್ನುವ ಹೆಂಗಸನ್ನು ನಮ್ಮಲ್ಲಿ ನಾನು ಕಂಡಿಲ್ಲ. ದೇವರನ್ನು ನಂಬದವಳೂ ಬೇಡ ಎನ್ನುವುದಿಲ್ಲ. ಅವಳ ಕಣ್ಣಲ್ಲಿ ಸಣ್ಣಗೆ ನೀರೂ ಬಂತು. "ಅಯ್ಯ ಅಕ್ಕಾ, ಎಷ್ಟ ದೊಡ್ಡ ಮನಸ್ರೀ ನಿಮ್ದು! ಆದ್ರ ನಾ ಪ್ಯಾಂಟ್ ಹಾಕ್ಕೊಂಡೇನಲ್ಲ, ಸೆರಗ ಎಲ್ಲಿ ತರ್ಲಿ?" ಮೊದಲ ಸಾಲಿನ ಆಂಟಿ ತಮ್ಮ ಶಾಲು ತೆಗೆದು ಅವಳ ಸೊಂಟಕ್ಕೆ ಕಟ್ಟಿ, ಎರಡು ತುದಿ ಕೈಗೆ ಕೊಟ್ಟರು. "ಈಗ ಹಿಡ್ಕೋಮ್ಮ. ಕೋಟಿನ ಮೇಲೇ ಲಕ್ಷ್ಮಿ ಬರ್ತಾಳೆ ಬಿಡು!"

ಅರಿಸಿನ ಕುಂಕುಮ ಕೊಟ್ಟೆ. ಅಕ್ಕಿ ಹಾಕಿದೆ. ಕೊಬ್ಬರಿ, ಅರಿಸಿನದ ಕೊನೆ, ಕಣ. ಕೊನೆಯಲ್ಲಿ ಇನ್ನೊಂದು ಬೊಗಸೆ ಅಕ್ಕಿಯೊಡನೆ ಬೆಳ್ಳಿಯ ಮುಖ. ಅದು ಕೊಬ್ಬರಿಗೆ ತಾಗಿ ಸಣ್ಣ ಶಬ್ದವಾಯಿತು. ಅವಳು ತಲೆ ಬಗ್ಗಿಸಿ ನೋಡಿದಳು.

"ಏನ್ರೀ ಇದು?"

ನಾನು ಮೈಕಿನ ಕಡೆ ತಿರುಗಿದೆ. "ಇವರ ಕಾದಂಬರಿಯಲ್ಲಿ ಬರೋ ದೇವಿ ನನ್ನ ತವರಿನವಳು. ಮರೆತುಹೋದವಳಲ್ಲ, ಇಲ್ಲೇ ಫ್ರಿಸ್ಕೋದಲ್ಲಿದ್ದಾಳೆ, ನಮ್ಮನೇಲಿ. ನಮ್ಮಲ್ಲಿ ಅವಳು ಮಡಿಲಿಂದ ಮಡಿಲಿಗೆ ಹೋಗ್ತಾಳೆ. ಯಾರ ಮಡಿಲಿಗೆ ಬೀಳ್ತಾಳೋ ಅವರವಳು. ಇವತ್ತಿಂದ ಇವರವಳು. ದಿನಾ ದೀಪ ಹಚ್ಚಬೇಕು, ಮಾಡಿದ ಅಡಿಗೇಲಿ ಮೊದಲ ತುತ್ತು ಕೊಡಬೇಕು. ಯಾವಾಗ ಯಾರಿಗೆ ಕೊಡಬೇಕು ಅನ್ನೋದು ಇನ್ನು ಇವರಿಷ್ಟ."

ಆಮೇಲೆ ಚಪ್ಪಾಳೆ, ಮೊದಲಿಗಿಂತ ಜೋರಾಗಿ. "ಎಂಥಾ ಭಾಗ್ಯ!" ಎಂದರು ಶಾಲಿನ ಆಂಟಿ. ಹಿಂದಿನಿಂದ ಯಾರೋ ಕೂಗಿದರು, "ಹಂಗಾದ್ರೆ ಇನ್ನು ಕೊಲ್ಲೋ ಹಾಗಿಲ್ಲ ಬಿಡಿ ಮೇಡಂ! ಮನೆ ದೇವರಾಯ್ತಲ್ಲ!" ಎಲ್ಲರೂ ನಕ್ಕರು. ಇನ್ನೊಬ್ಬರು ನಗುತ್ತಲೇ, "ನಿಮ್ಮ ಬುಕ್ಕಲ್ಲಿ ಗಂಡುಮಕ್ಕಳನ್ನ ತಿಂತಾಳಲ್ವಾ? ನಿಮಗಿಬ್ಬರು ಗಂಡುಮಕ್ಕಳು ಅಲ್ವಾ? ಹುಷಾರು!" ಎಂದರು.

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೂ ಇಲ್ಲ ಎಂದು ಮೊದಲೇ ಗೊತ್ತಿತ್ತು. ಅವಳ ಮುಖದ ಬಣ್ಣ ಇಳಿದದ್ದನ್ನು ನಾನು ಹತ್ತಿರದಿಂದ ನೋಡಿದೆ. ಶಾಲಿನ ಎರಡೂ ತುದಿಯನ್ನು ಗಟ್ಟಿಯಾಗಿ ಹಿಡಿದಿದ್ದಳು, ಬಿಟ್ಟರೆ ಏನೋ ಬಿದ್ದು ಒಡೆಯುತ್ತದೆ ಎಂಬ ಹಾಗೆ. ನನಗೆ ತುಂಬ ಸಮಾಧಾನವಾಯಿತು. ಕೆಳಗಿಳಿದು ಉಪ್ಪಿಟ್ಟು, ಕೇಸರಿಬಾತು ಎರಡನ್ನೂ ಹಾಕಿಸಿಕೊಂಡು ತಿಂದೆ.

ವಾಪಸ್ಸು ಬರುವಾಗ ಮಗಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಸಹಿ ಹಾಕಿಸಿಕೊಳ್ಳದ ಪುಸ್ತಕ ತೊಡೆಯ ಮೇಲಿತ್ತು.

"ಯು ಗೇವ್ ಹರ್ ಅವೇ" ಎಂದಳು ಕೊನೆಗೆ.

"ನಿನಗೆ ಬೇಡವಾಗಿತ್ತಲ್ಲ. ಕ್ರೀಪಿ ಅಂದೆ."

"ಮೂವ್ ಮಾಡು ಅಂದೆ ಅಮ್ಮಾ. ಗಿವ್ ಮಾಡು ಅನ್ನಲಿಲ್ಲ." ಅವಳು ಅಪರೂಪಕ್ಕೆ ಕನ್ನಡದಲ್ಲಿ ಅತ್ತಳು. "ನೀನೇ ಹೇಳಿದ್ದಲ್ವಾ, ನೆಕ್ಸ್ಟು ನಂದು ಅಂತ?"

ಹೌದು, ಹೇಳಿದ್ದೆ. ಅವಳು ಕೇಳಿಸಿಕೊಂಡಿದ್ದಾಳೆಂದು ಗೊತ್ತಿರಲಿಲ್ಲ. ಆ ಮುಖ ತಿಂದೀತು ಎಂದು ಹೆದರಿಕೊಂಡೇ ಅದು ತನ್ನದೆಂದು ಇಟ್ಟುಕೊಂಡಿದ್ದಳು ಈ ಹುಡುಗಿ. ಆದರೆ ಅಷ್ಟಕ್ಕೇ ಕಾರು ತಿರುಗಿಸುವವಳು ನಾನಲ್ಲ. ಕೊಟ್ಟದ್ದನ್ನು ಮಡಿಲಿನಿಂದ ಕಿತ್ತುಕೊಳ್ಳುವ ಪದ್ಧತಿಯೂ ಇಲ್ಲ. ಇನ್ನೊಂದು ನಿಜವೆಂದರೆ, ನನಗೆ ಸೌತ್‌ಲೇಕಿನಿಂದ ಫೋನ್ ಬರುವುದು ಬೇಕಿತ್ತು.

ಬಂತು. ಮರುದಿನವೇ ಬಂತು. "ಅಕ್ಕಾ, ದೀಪ ಎಳ್ಳೆಣ್ಣಿದೋ ತುಪ್ಪದ್ದೋ?" ಎರಡು ದಿನ ಬಿಟ್ಟು, "ನಾವು ಸ್ಯಾಂಡ್‌ವಿಚ್ ತಿಂದ್ರ ಅದನ್ನೂ ಇಡಬೇಕೇನ್ರೀ?" ಇಡಬೇಕು ಎಂದೆ. "ಊರಿಗೆ ಹೋದ್ರ?" ಹೋಗುವ ಹಾಗಿಲ್ಲ ಎಂದೆ. ಇದು ಸುಳ್ಳು, ನಾವು ಹೋಗುವಾಗ ಅವಳನ್ನು ಹ್ಯಾಂಡ್‌ಬ್ಯಾಗಿನಲ್ಲಿ ಒಯ್ಯುತ್ತಿದ್ದೆವು. ಅವರು ಗಂಡನ ರಜೆಯಲ್ಲಿ ಫ್ಲಾರಿಡಾಕ್ಕೆ ಹೋಗುವುದು ತಪ್ಪಿತು. ಚಿಕ್ಕ ಮಗನಿಗೆ ಜ್ವರ ಬಂದಾಗ ಅವಳ ಧ್ವನಿ ತೀರಾ ಸಣ್ಣದಾಗಿತ್ತು. "ಅಕ್ಕಾ, ಒಂದ್ ಕೇಳ್ತೀನ್ರೀ. ಆಕಿ ಖರೇನ... ಗಂಡುಮಕ್ಕಳಿಗೆ ಏನರ..."

ನಮ್ಮಮ್ಮ ಯಾರನ್ನೂ ತಿಂದವಳಲ್ಲ, ಅದು ಹೊಟ್ಟೆಕಿಚ್ಚಿನ ಊರಿನವರ ಬಾಯಿಮಾತು, ಮಗುವಿಗೆ ಟೈಲೆನಾಲ್ ಕೊಡು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

"ನನ್ನನ್ನ ಏನು ಕೇಳ್ತೀಯಮ್ಮ? ಬರೆದೋಳು ನೀನು" ಎಂದೆ.

ಜ್ವರ ಇಳಿಯಿತು. ಅವಳ ಹೆದರಿಕೆ ಇಳಿಯಲಿಲ್ಲ. ಗುಂಪಿಗೆ ಬರುವುದು ಬಿಟ್ಟಳು. ಎರಡನೇ ಭಾಗ ಮುಂದೆ ಹೋಗುತ್ತಿಲ್ಲವಂತೆ ಎಂದು ಯಾರೋ ಹೇಳಿದರು. ನಾನು ಆವತ್ತು ಮನೆಗೆ ಬಂದು ಹೋಳಿಗೆ ಮಾಡಿದೆ. ನಮ್ಮವರು, "ಏನು ವಿಶೇಷ?" ಎಂದರು. ವಿಶೇಷ ಏನಿಲ್ಲ ಎಂದೆ. ಮಗಳು ಮೊದಲ ಹೋಳಿಗೆಯ ಚೂರು ಮುರಿದು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ನಾನು ನೋಡದವಳಂತೆ ಒಲೆಯ ಕಡೆ ತಿರುಗಿದೆ.

ಶಾಲೆಗೆ ರಜೆ ಶುರುವಾದ ಮೇಲೆ ಒಂದು ದಿನ, ಹನ್ನೊಂದರ ಬಿಸಿಲಿನಲ್ಲಿ ಅವಳು ನಮ್ಮ ಬಾಗಿಲಿಗೆ ಬಂದಳು. ತಾನೇ ಡ್ರೈವ್ ಮಾಡಿಕೊಂಡು ಬಂದಿದ್ದಳು. ಈ ಸಲ ಸೀರೆ ಉಟ್ಟಿದ್ದಳು. ಕೈಯಲ್ಲಿ ಬುಟ್ಟಿ. ಸೋಫಾದ ತುದಿಯಲ್ಲಿ ಕೂತಳು. ಕಾಫಿ ಕೊಟ್ಟೆ.

"ಸಾಕಾತ್ರೀ ಅಕ್ಕಾ. ಬರಿಯಾಕ ಕೂತ್ರ ಸುತ್ತಿಗಿ ಕೆಳಗ ಇಳ್ಯವಲ್ದು. ಹೆಂಗ ಇಳಸ್ಲಿ? ಮುಂಜಾನೆ ಆಕಿಗೆ ಉಪ್ಪಿಟ್ ಇಟ್ಟು ಬಂದಿರ್ತೀನಿ. ನೀವ ವಾಪಸ್ ಉಡಿ ತುಂಬಿಸ್ಕೋರಿ."

"ನನಗೆ ಬೇಡ."

"ಬೇಡ ಅಂತ ಯಾರೂ ಅನ್ನೂದುಲ್ಲ, ನಿಮಗ ಗೊತ್ತದಲ್ಲ."

"ನಾನು ಅಂತಿದೀನಿ" ಎಂದೆ. ಬೇಡ ಅನ್ನುವ ಹೆಂಗಸನ್ನು ನಾನು ಮೊದಲ ಸಲ ಕಂಡದ್ದು ನನ್ನಲ್ಲೇ. "ಎರಡನೇ ಭಾಗ ಮುಗಿಸು. ಕೊಂದು ಮುಗಿಸ್ತೀಯೋ ಹೆಂಗೋ. ನಿನ್ನ ಮನೇಲಿ ಕೂತಿದ್ದಾಳೆ, ನೀನೇ ಅವಳ ಮುಂದೆ ಓದು."

ಮೆಟ್ಟಿಲ ಮೇಲೆ ಶಬ್ದವಾಯಿತು. ಮಗಳು ಯಾವಾಗಿನಿಂದ ಅಲ್ಲಿ ಕೂತಿದ್ದಳೋ. ಇಳಿದು ಬಂದು ಅವಳ ಎದುರು ನಿಂತು, ತಾನು ತೊಟ್ಟಿದ್ದ ಸ್ಕೂಲಿನ ಹುಡ್ಡಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಚಾಚಿದಳು.

"ಆಂಟಿ, ನನಗೆ ಹಾಕಿ."

"ಏಯ್, ಮದುವೆಯಾಗದ ಹುಡುಗಿಗೆ ಹಾಗೆಲ್ಲ ಇಲ್ಲ" ಎಂದೆ. "ಪದ್ಧತಿ ಇಲ್ಲ. ಹೋಗು ಮೇಲೆ."

ಅವಳು ನನ್ನನ್ನು ನೋಡಿದಳು, ಮಗಳನ್ನು ನೋಡಿದಳು. ಆ ಹೊತ್ತಿಗೆ ಅವಳ ಮುಖಕ್ಕೆ ಹಳೆಯ ಕಳೆ ಬಂತು. "ಯಾರಿಗೆ ಕೊಡೂದು ಅನ್ನೂದು ಇನ್ ಇವರಿಷ್ಟ ಅಂತ ಮೈಕಿನಾಗ ಹೇಳಿದಾವ್ರು ನೀವ ಅಲ್ಲೇನ್ರೀ ಅಕ್ಕಾ?" ಎಂದವಳೇ ಎದ್ದು, ಹುಡುಗಿಯ ಹಣೆಗೆ ಕುಂಕುಮವಿಟ್ಟು, ಹುಡ್ಡಿಯ ಮಡಿಲಿಗೆ ಅಕ್ಕಿ ಸುರಿದಳು. ಬೆಳ್ಳಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಇಟ್ಟಳು. ಥಳಥಳ ಹೊಳೆಯುತ್ತಿತ್ತು, ಹುಣಸೆಹಣ್ಣು ಹಚ್ಚಿ ತೊಳೆದಿದ್ದಳು. ನನ್ನ ಆಟದಲ್ಲಿ ನನ್ನನ್ನೇ ಸೋಲಿಸಿದಳು, ಆ ವಿಷಯದಲ್ಲಿ ನಾನು ಏನನ್ನೂ ಮುಚ್ಚಿಡುವುದಿಲ್ಲ.

ಭಾರ ಇಳಿದ ಉಸಿರು ಬಿಟ್ಟು ಅವಳು ಕೂರುವಷ್ಟರಲ್ಲಿ ಮಗಳು ಮಾತು ಶುರು ಮಾಡಿದಳು. ಇಂಗ್ಲಿಷಿನಲ್ಲಿ, ನಿಧಾನವಾಗಿ, ನಿಂತುಕೊಂಡೇ, ಮಡಿಲಿನ ಅಕ್ಕಿ ಚೆಲ್ಲದ ಹಾಗೆ ಹಿಡಿದುಕೊಂಡು. ಈಗ ಇವಳು ನನ್ನವಳು ತಾನೆ ಆಂಟಿ? ಹಾಗಾದರೆ ಕೇಳಿ. ಇವಳು ಯಾರ ಗಂಡುಮಕ್ಕಳನ್ನೂ ತಿನ್ನುವುದಿಲ್ಲ, ಎರಡನೇ ಭಾಗದಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ. ಅದನ್ನು ಹಬ್ಬಿಸಿದವರು ಊರಿನವರು, ಅದನ್ನೂ ಬರೆಯಿರಿ. ಸುತ್ತಿಗೆಯನ್ನು ತೆಗೆದುಹಾಕಿ. ಆ ದೇವಸ್ಥಾನ ಖಾಲಿ, ಅವಳು ಅಲ್ಲಿಲ್ಲ. ನಿಮ್ಮ ನಾಯಕಿ ಖಾಲಿ ಕಲ್ಲಿನ ಮುಂದೆ ನಿಂತಿದ್ದಾಳೆ, ಮತ್ತು ಅದು ಅವಳಿಗೆ ಗೊತ್ತಿಲ್ಲ. ಹೀಗಲ್ಲದೆ ಪುಸ್ತಕ ಬಂದರೆ ನಾನು ಬಂದು ನಿಮ್ಮ ಮಡಿಲಿಗೆ ಮತ್ತೆ ಹಾಕುತ್ತೇನೆ. ನೀವು ಎಲ್ಲಿ ಓದುತ್ತಿದ್ದರೂ ಬರುತ್ತೇನೆ. ಎಲ್ಲರ ಮುಂದೆ.

ನನ್ನಿಂದ ಇಷ್ಟು ನೇರವಾಗಿ ಹೇಳಲು ಆಗಿರಲಿಲ್ಲ. ಸನ್ಮಾನದ ಸೋಗು ಬೇಕಾಗಿತ್ತು, ಕಣದ ಬಟ್ಟೆ ಬೇಕಾಗಿತ್ತು. ಇವಳು ಹುಡ್ಡಿ ಹಾಕಿಕೊಂಡು ಹೇಳಿ ಮುಗಿಸಿದಳು. ಹಗೆ ಕೂಡ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವಾಗ ಹೀಗೆ ಸಲೀಸಾಗುತ್ತದೆಯೇನೋ.

"ಹಂಗ ಬರದ್ರ ಕಥಿ ಹೆಂಗ ಮುಗಸ್ಲವಾ?" ಎಂದಳು ಅವಳು, ಸೋತ ಧ್ವನಿಯಲ್ಲಿ.

"ದಟ್ಸ್ ಯುವರ್ ಪ್ರಾಬ್ಲಮ್, ಆಂಟಿ" ಎಂದು ಮಗಳು ಮಡಿಲು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಹೋದಳು. ತನ್ನ ಕೋಣೆಯ ಎದುರಿನ ಕಪಾಟು ತೆರೆದ ಸದ್ದು ಕೆಳಗೆ ಕೇಳಿಸಿತು.

ಅವಳು ಖಾಲಿ ಬುಟ್ಟಿ ತೆಗೆದುಕೊಂಡು ಎದ್ದಳು. ಹಂಗ ಬರೀತೀನ್ರೀ ಎಂದಳು. ಬರಿ ಎಂದೆ. ಒಲೆಯ ಮೇಲೆ ತೊವ್ವೆಗೆ ಒಗ್ಗರಣೆ ಬಿದ್ದಿತ್ತು, ಇಂಗಿನ ಘಮ ನಡುಮನೆಯ ತನಕ ತುಂಬಿತ್ತು, ಕುಕ್ಕರು ಕೂಗಿ ತಣಿಯುತ್ತಿತ್ತು. ಗಡಿಯಾರ ಊಟದ ಹೊತ್ತನ್ನು ತೋರಿಸುತ್ತಿತ್ತು. ಅವಳು ಚಪ್ಪಲಿ ಮೆಟ್ಟುವುದನ್ನು ಬೇಕೆಂದೇ ನಿಧಾನ ಮಾಡಿದಳು. ಒಂದು ಸಲ ಅಡಿಗೆಮನೆಯ ಕಡೆ ನೋಡಿದಳು, ಒಂದು ಸಲ ನನ್ನ ಕಡೆ. ಈ ಹೊತ್ತಿನಲ್ಲಿ ನಮ್ಮ ಮನೆಗೆ ಬಂದ ಯಾರನ್ನೇ ಆಗಲಿ, ಪಾರ್ಸೆಲ್ ತಂದವನನ್ನೂ ಕೂಡ, ಊಟ ಮಾಡಿಕೊಂಡು ಹೋಗಿ ಎನ್ನದೆ ನಾನು ಕಳಿಸಿದವಳಲ್ಲ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಬಾಗಿಲು ತೆರೆದು ಹಿಡಿದೆ. "ಹುಷಾರಾಗಿ ಹೋಗು, ಟ್ರಕ್ಕುಗಳಿರ್ತವೆ" ಎಂದೆ. ಬೇರೇನೂ ಅನ್ನಲಿಲ್ಲ.